ಜಪಸರದ ರಹಸ್ಯಗಳೂ ಮನೆಯ ಆರೈಕೆಯೂ

ಹಾಸಿಗೆ ಹಿಡಿದ ಅತ್ತೆಯನ್ನು ದಿನವಿಡೀ ನೋಡಿಕೊಂಡು ರಾತ್ರಿ ಜಪಸರ ಹಿಡಿದರೆ ಬಾಯಿ ಮಾತ್ರ ಆಡುತ್ತದೆ, ರಹಸ್ಯಗಳಿಗೂ ನನ್ನ ಬದುಕಿಗೂ ಏನು ಸಂಬಂಧ ಎಂದು ಕೇಳಿದ್ದೀರಿ. ಜಪಸರದ ಮಣಿ ಎಣಿಸುತ್ತಾ ನಮೋ ಮರಿಯ ಪ್ರಾರ್ಥನೆ ಹೇಳುವಾಗ ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳನ್ನು ದಿನಕ್ಕೆ ಐದರಂತೆ ಧ್ಯಾನಿಸುತ್ತೇವಲ್ಲ, ಅವೇ ಈ ರಹಸ್ಯಗಳು. ನೀವು ಆಗಲೇ ಒಂದು ರಹಸ್ಯದ ಒಳಗೇ ಇದ್ದೀರಿ ಅನ್ನಿಸುತ್ತದೆ ನನಗೆ. ಸೋಮವಾರ, ಶನಿವಾರ ಧ್ಯಾನಿಸುವ ಸಂತೋಷದ ರಹಸ್ಯಗಳಲ್ಲಿ ಎರಡನೆಯದು, ಮಾತೆ ಮರಿಯಮ್ಮನವರು ಎಲಿಜಬೇತಳನ್ನು ಸಂಧಿಸಿದ್ದು. ನಾವು ಆ ಭೇಟಿಯ ಗಳಿಗೆಯನ್ನಷ್ಟೇ ನೆನೆಯುತ್ತೇವೆ. ಆದರೆ ಬೈಬಲಿನಲ್ಲಿ ಲೂಕನ ಶುಭಸಂದೇಶ ನೋಡಿ: ಮರಿಯಮ್ಮನವರು ವಯಸ್ಸಾದ ಆ ಬಂಧುವಿನ ಮನೆಯಲ್ಲಿ ಸುಮಾರು 3 ತಿಂಗಳು ಉಳಿದರು. ಆ ದಿನಗಳ ಬಗ್ಗೆ ಅಲ್ಲಿ ಬೇರೆ ಒಂದು ಸಾಲೂ ಇಲ್ಲ. ನೀರು, ಅಡುಗೆ, ಒಗೆತ ಎಲ್ಲ ಇದ್ದಿರಲೇಬೇಕಲ್ಲ! ಅತ್ತೆಯ ಮೈ ಒರೆಸುವಾಗ ಆ ದಿನಗಳನ್ನು ನೆನೆಯಿರಿ.

ಮಂಗಳವಾರ, ಶುಕ್ರವಾರ ಯೇಸು ಶಿಲುಬೆ ಹೊರುವ ರಹಸ್ಯಕ್ಕೆ ಬಂದಾಗ ಆ ಶಿಲುಬೆಗೆ ಹೆಗಲು ಕೊಟ್ಟ ಸಿರೇನಿನ ಸಿಮೋನನನ್ನು ಜೊತೆಗಿಟ್ಟುಕೊಳ್ಳಿ. ಅವನು ತಾನಾಗಿ ಮುಂದೆ ಬಂದವನಲ್ಲ, ಬಲವಂತವಾಗಿ ಹೊರಿಸಿದ್ದು. ಮನಸ್ಸಿಲ್ಲದೆ, ಸುಸ್ತಾಗಿ ಮಾಡಿದ ಸೇವೆಯೂ ಸೇವೆಯೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಮನಸ್ಸು ಓಡದಿರಲು, ರಹಸ್ಯ ಹೇಳಿದ ಮೇಲೆ ಸ್ವಲ್ಪ ಮೌನವಿರಲಿ. ನಮೋ ಮರಿಯದಲ್ಲಿ ಯೇಸುವಿನ ಹೆಸರು ಬರುವಲ್ಲಿ "ನಮಗಾಗಿ ಶಿಲುಬೆ ಹೊತ್ತ" ಎಂಬಂತೆ ಆಯಾ ರಹಸ್ಯದ ಮಾತೊಂದನ್ನು ಸೇರಿಸಿ. ಬೆಳಕಿನ ರಹಸ್ಯಗಳು ಎಂಬ ಹೊಸ ಐದನ್ನು ಜಪಸರಕ್ಕೆ ಸೇರಿಸಿದ 2002ರ ಪತ್ರದಲ್ಲೇ ಪೋಪ್ ಎರಡನೇ ಜಾನ್ ಪಾಲ್ ಈ ರೂಢಿಯನ್ನು ಮೆಚ್ಚಿದ್ದಾರೆ. ಐದೂ ಒಟ್ಟಿಗೆ ಆಗದಿದ್ದರೆ ಹಂಚಿಕೊಳ್ಳಿ, ಗಂಜಿ ಬೇಯುವಾಗ ಒಂದು ರಹಸ್ಯ, ಅತ್ತೆ ಮಲಗಿದಾಗ ಇನ್ನೊಂದು. ಅವರಿಗೆ ಎಚ್ಚರವಿದ್ದರೆ ಜೋರಾಗಿಯೇ ಹೇಳಿ, ಅವರೂ ದನಿಗೂಡಿಸಬಹುದು.