ಬೇಸಿಗೆಯಲ್ಲಿ ಹಂದಿಗಳಿಗೆ ಖನಿಜದ ಪುಡಿ ಕೊಡಬಹುದೇ?

ಪ್ರಶ್ನೆ: ರಾಯಚೂರು ಜಿಲ್ಲೆಯಲ್ಲಿ 30 ಯಾರ್ಕ್‌ಶೈರ್ ಮಿಶ್ರತಳಿ ಹಂದಿಗಳನ್ನು ಸಾಕಿದ್ದೇನೆ. ಏಪ್ರಿಲ್ ಬಂತೆಂದರೆ ಅವು ಸರಿಯಾಗಿ ತಿನ್ನದೆ, ಮಧ್ಯಾಹ್ನವಿಡೀ ಬಾಯಿ ತೆರೆದು ಏದುಸಿರು ಬಿಡುತ್ತವೆ. ಆಹಾರದಲ್ಲಿ ಹೆಚ್ಚಿನದು ಹೋಟೆಲಿನಲ್ಲಿ ಉಳಿದದ್ದು. ಸೆಲೆನಿಯಂ, ಕ್ರೋಮಿಯಂ ಇರುವ ಪುಡಿಯನ್ನೂ ಉಪ್ಪು, ಅಡುಗೆ ಸೋಡಾಗಳನ್ನೂ ಬೆರೆಸಿ ಕೊಡಲು ಅಂಗಡಿಯವರು ಹೇಳುತ್ತಾರೆ. ಕೊಡಬಹುದೇ?

ಉತ್ತರ: ಪುಡಿಯನ್ನು ಅಳತೆಯರಿತು ಕೊಡಬಹುದು, ಉಪ್ಪನ್ನು ಮಾತ್ರ ದಯವಿಟ್ಟು ಬೆರೆಸಬೇಡಿ. ಹೋಟೆಲಿನ ಅನ್ನ, ಸಾಂಬಾರು, ಉಪ್ಪಿನಕಾಯಿಗಳಲ್ಲಿ ಈಗಾಗಲೇ ಸಾಕಷ್ಟು ಉಪ್ಪಿರುತ್ತದೆ. ಅದರ ಮೇಲೆ ಇನ್ನಷ್ಟು ಉಪ್ಪು ಬಿದ್ದು, ಕುಡಿಯುವ ನೀರು ತಪ್ಪಿದರೆ ಉಪ್ಪಿನ ವಿಷ ಮಿದುಳಿಗೇರಿ ಹಂದಿಗಳು ಸೆಳವು ಬಂದು ಬೀಳುತ್ತವೆ. ಉಪ್ಪಿನಂತೆ ಸೋಡಾದಲ್ಲಿರುವುದೂ ಸೋಡಿಯಂ. ಏದುಸಿರಿನಿಂದ ರಕ್ತದ ಆಮ್ಲ–ಕ್ಷಾರ ಸಮತೋಲ ಕೆಡುವುದು ನಿಜವಾದರೂ, ನಿಮ್ಮ ಆಹಾರಕ್ರಮದಲ್ಲಿ ಪಶುವೈದ್ಯರನ್ನು ಕೇಳದೆ ಸೋಡಾ ಹಾಕಬಾರದು.

ಹಂದಿಗೆ ಬೆವರಿ ತಂಪಾಗುವ ಶಕ್ತಿ ಇಲ್ಲವೆಂದೇ ಹೇಳಬೇಕು. ಸೆಕೆ ಹೆಚ್ಚಿದಾಗ ಶಾಖವನ್ನು ಹೊರಹಾಕಲು ರಕ್ತ ಚರ್ಮದ ಕಡೆಗೆ ಹರಿಯುವುದರಿಂದ ಕರುಳಿಗೆ ರಕ್ತ ಕಡಿಮೆಯಾಗಿ, ಅದರ ಒಳಪದರ ಸಡಿಲಗೊಂಡು, ಒಳಗಿನ ವಿಷಾಂಶಗಳು ರಕ್ತ ಸೇರುತ್ತವೆ. ಈ ಪದರವನ್ನು ಕಾಪಾಡಲು ಸತು ಬೇಕು. ಜೀವಕೋಶಗಳಿಗಾಗುವ ಹಾನಿಯನ್ನು ತಡೆಯಲು ವಿಟಮಿನ್ ಇ ಜೊತೆಗೆ ಸೆಲೆನಿಯಂ ನೆರವಾಗುತ್ತದೆ. ಕ್ರೋಮಿಯಂ ಇನ್ಸುಲಿನ್ನಿನ ಕೆಲಸಕ್ಕೆ ಒತ್ತಾಸೆಯಾಗುತ್ತದೆ, ಆದರೆ ಅದರ ಫಲ ಎಲ್ಲ ಪ್ರಯೋಗಗಳಲ್ಲೂ ಒಂದೇ ಸಮನಾಗಿ ಕಂಡಿಲ್ಲ. ಒಂದು ಕಿಲೋ ಆಹಾರದಲ್ಲಿ ಸೆಲೆನಿಯಂ 0.3 ಮಿಲಿಗ್ರಾಂ, ಕ್ರೋಮಿಯಂ 0.2 ಮಿಲಿಗ್ರಾಂ ಇದ್ದರೆ ಸಾಕು. ಸೆಲೆನಿಯಂ ಅತಿಯಾದರೆ ಗೊರಸು ಬಿರಿಯುತ್ತದೆ, ಕೂದಲು ಉದುರುತ್ತದೆ. ಆದ್ದರಿಂದ ಈಗ ಕೊಡುತ್ತಿರುವ ಖನಿಜ ಮಿಶ್ರಣದ ಚೀಲದ ಮೇಲೆ ಅದರ ಪ್ರಮಾಣವನ್ನು ಓದದೆ ಎರಡನೆಯ ಪುಡಿ ಕೊಳ್ಳಬೇಡಿ.

ಯಾವ ಪುಡಿಯೂ ಕೊಟ್ಟಿಗೆಯನ್ನು ತಂಪು ಮಾಡುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಹಂದಿಗಳು ನೀರು ಕುಡಿಯುವ ನಿಪ್ಪಲ್ (ನಳಿಕೆ) ಒತ್ತಿ, ಬರುವ ನೀರಿಗೆ ಕೈಯೊಡ್ಡಿ ನೋಡಿ. ಬಿಸಿಲಲ್ಲಿ ಹಾದುಬಂದ ಪೈಪಿನ ನೀರು ಬಿಸಿಯಾಗಿದ್ದರೆ ಹಂದಿ ಬೇಕಾದಷ್ಟು ಕುಡಿಯುವುದಿಲ್ಲ. ಮರಿಗಳಿಗೆ ಹಾಲೂಡುವ ತಾಯಿಗೆ ದಿನಕ್ಕೆ 20 ಲೀಟರಿಗೂ ಹೆಚ್ಚು ನೀರು ಬೇಕು. ಪೈಪನ್ನು ಮಣ್ಣಿನಲ್ಲಿ ಹೂಳಿಸಿ, ತಗಡಿನ ಚಾವಣಿಗೆ ಸೋಗೆ ಹೊದಿಸಿ, ಮೈಮೇಲೆ ಆಗಾಗ ನೀರು ಚಿಮುಕಿಸಿ. ಹೋಟೆಲಿನ ಆಹಾರವನ್ನು ಚೆನ್ನಾಗಿ ಕುದಿಸಿ ಆರಿಸಿ, ನಸುಕಿನಲ್ಲಿಯೂ ಹೊತ್ತು ಮುಳುಗಿದ ಮೇಲೂ ಕೊಡಿ. ಮಲಗಿರುವ ಹಂದಿಯ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ: ಇಷ್ಟೆಲ್ಲ ಮಾಡಿದ ಮೇಲೂ ಅದು 50 ದಾಟುತ್ತಿದ್ದರೆ ಪಶುವೈದ್ಯರನ್ನು ಕರೆಸಿ.