ಒಂದೇ ಲಾಟಿನ ಲೆಕ್ಕ ಇಬ್ಬರು ಒಟ್ಟಿಗೆ ತಿದ್ದಿದ್ರೆ ಒಬ್ಬರದ್ದು ಅಳಿಸಿ ಹೋಗ್ತಿದೆ, ಟ್ರಾನ್ಸಾಕ್ಷನ್ (ಹಲವು ಹೆಜ್ಜೆ ಸೇರಿ ಒಂದೇ ಕೆಲಸವಾಗಿ ಮುಗಿಯೋ ವ್ಯವಸ್ಥೆ) ಹಾಕಿದ್ರೂ ಯಾಕೆ ನಿಲ್ತಿಲ್ಲ?

ನಾನೂ ಶಿರಸಿಲೇ ಅಡಿಕೆ ವ್ಯಾಪಾರದವರಿಗೆ ಸ್ಟಾಕ್ ಸಾಫ್ಟ್‌ವೇರ್ ಮಾಡಿಕೊಡೋದು, ಹಾಗಾಗಿ ನಿಮ್ಮ ಮಂಡಿಯ ಎರಡು ಕೌಂಟರಿಂದ ಒಂದೇ ಲಾಟ್ ತಿದ್ದೋ ಕಥೆ ಓದಿದ ಕೂಡ್ಲೇ ಸಮಸ್ಯೆ ಏನು ಅಂತ ಗೊತ್ತಾಯ್ತು. ರಾಶಿ ಅಡಿಕೆ ಲಾಟಲ್ಲಿ 40 ಚೀಲ ಇದೆ ಅಂದ್ಕೊಳ್ಳಿ, ಇಬ್ಬರೂ 40 ಅಂತ ಓದ್ತಾರೆ, ಒಬ್ಬರು 5 ಕಳೆದು 35 ಬರೀತಾರೆ, ಇನ್ನೊಬ್ಬರು 8 ಕಳೆದು 32 ಬರೀತಾರೆ. ಉಳಿಯೋದು 32, ಇರಬೇಕಾಗಿದ್ದು 27.

ಪೋಸ್ಟ್‌ಗ್ರೆಸ್ ಡೇಟಾಬೇಸಲ್ಲಿ ನೀವು ಏನೂ ಹೇಳದಿದ್ರೆ ರೀಡ್ ಕಮಿಟೆಡ್ ಇರತ್ತೆ, ಅಂದ್ರೆ ಬೇರೆಯವರು ಕಮಿಟ್ ಮಾಡಿದ್ದು (ಖಾಯಂ ಮಾಡಿದ್ದು) ಮಾತ್ರ ಕಾಣೋ ಲೆವೆಲ್. ಎರಡನೇ ಅಪ್‌ಡೇಟ್ ಮೊದಲನೇದು ಕಮಿಟ್ ಆಗೋವರೆಗೆ ಕಾಯತ್ತೆ ನಿಜ, ಆದ್ರೆ 32 ಅನ್ನೋದನ್ನ ನಿಮ್ಮ ಕೋಡ್ ಆಗಲೇ ಲೆಕ್ಕ ಹಾಕಿ ಇಟ್ಕೊಂಡಿದೆಯಲ್ಲ, ಕಾದು ಅದನ್ನೇ ಬರೆಯತ್ತೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಇನೋಡಿಬಿ ಎಂಜಿನಲ್ಲಿ ಡೀಫಾಲ್ಟೇ ರಿಪೀಟಬಲ್ ರೀಡ್ (ಮೊದಲು ಓದಿದ್ದೇ ಕೊನೆವರೆಗೂ ಕಾಣೋ ಲೆವೆಲ್), ಆದ್ರೂ ಬರೀ ಸೆಲೆಕ್ಟ್ ಮಾಡಿ ಆಮೇಲೆ ಬರೆದ್ರೆ ಅಲ್ಲೂ ಇದೇ ಗತಿ. ಪೋಸ್ಟ್‌ಗ್ರೆಸ್ ಮಾತ್ರ ಆ ಲೆವೆಲ್ಲಲ್ಲಿ 40001 ಎರರ್ (ಇಬ್ಬರ ಬದಲಾವಣೆ ಡಿಕ್ಕಿ ಹೊಡೀತು ಅಂತ) ಕೊಟ್ಟು ತಡೆಯತ್ತೆ, ಆಗ ಇಡೀ ಟ್ರಾನ್ಸಾಕ್ಷನ್ ಮೊದಲಿಂದ ಓಡಿಸಬೇಕು.

ನಿಮ್ಮ ಕೇಸಿಗೆ ಅಷ್ಟೆಲ್ಲಾ ಬೇಡ. ಕಳೆಯೋ ಕೆಲಸ ಡೇಟಾಬೇಸಿಗೇ ಬಿಡಿ. ಅಪ್‌ಡೇಟ್‌ನಲ್ಲೇ ಚೀಲ = ಚೀಲ - 8 ಅಂತ ಬರೆದು, ವೇರ್‌ನಲ್ಲಿ (ಯಾವ ಸಾಲು ಅಂತ ಹೇಳೋ WHERE ಭಾಗದಲ್ಲಿ) ಲಾಟ್ ಐಡಿ ಜೊತೆ ಚೀಲ >= 8 ಅಂತ ಸೇರಿಸಿ. ಎಷ್ಟು ಸಾಲು ಬದಲಾಯ್ತು ಅಂತ ನೋಡಲೇಬೇಕು. 0 ಬಂದ್ರೆ ಅಷ್ಟು ಮಾಲು ಇಲ್ಲ ಅಂತ ಅರ್ಥ, ಬಿಲ್ ಆಗಬಾರದು.

ಲಾಟಿನ ದರ, ಗ್ರೇಡು ತಿದ್ದೋ ಫಾರ್ಮ್ ಇದೆ ಅಂದ್ರಲ್ಲ, ಅಲ್ಲಿ ಈ ಉಪಾಯ ನಡಿಯಲ್ಲ. ವರ್ಷನ್ ಅಂತ ಒಂದು ಕಾಲಂ ಇಡಿ, ಓದುವಾಗ 7 ಇದ್ರೆ ಬರೆಯುವಾಗ ವೇರ್‌ನಲ್ಲಿ ವರ್ಷನ್ = 7 ಹಾಕಿ, ಜೊತೆಗೇ 8 ಮಾಡಿ. ಸಾಲು ಸಿಗ್ಲಿಲ್ಲ ಅಂದ್ರೆ ನಡುವೆ ಬೇರೆಯವರು ತಿದ್ದಿದಾರೆ. ಆಗ ಕೋಡೇ ಮತ್ತೆ ಟ್ರೈ ಮಾಡೋದು ತಪ್ಪು, ಹೊಸ ದರ ತೋರಿಸಿ ಫಾರ್ಮ್ ತುಂಬ್ತಿರೋರನ್ನೇ ಕೇಳಬೇಕು, ಯಾಕಂದ್ರೆ ಅದು ಬೆಳೆಗಾರರ ದುಡ್ಡು. ರೈಲ್ಸ್ (ರೂಬಿ ಭಾಷೆಯದು), ಜೆಪಿಎ (ಜಾವಾದ್ದು) ಎರಡರಲ್ಲೂ ಈ ಸೌಲಭ್ಯ ಮೊದಲೇ ಇದೆ.

ಸೆಲೆಕ್ಟ್ ಫಾರ್ ಅಪ್‌ಡೇಟ್ (ಓದುವಾಗಲೇ ಸಾಲಿಗೆ ಲಾಕ್ ಹಾಕೋದು) ಬೇಕಾಗೋದು ಒಂದು ಲಾಟಿಂದ ಇನ್ನೊಂದಕ್ಕೆ ಚೀಲ ವರ್ಗಾಯಿಸುವಾಗ, ಎರಡೂ ಸಾಲು ನೋಡಿ ತೀರ್ಮಾನ ಮಾಡಬೇಕಲ್ಲ ಅಂಥ ಕಡೆ. ಲಾಕ್ ಯಾವಾಗ್ಲೂ ಐಡಿ ಕ್ರಮದಲ್ಲೇ ತಗೊಳ್ಳಿ, ಇಲ್ಲಾಂದ್ರೆ ಡೆಡ್‌ಲಾಕ್, ಒಬ್ಬರಿಗೊಬ್ಬರು ಕಾಯ್ತಾ ಇಬ್ಬರೂ ನಿಲ್ತಾರೆ. ಮತ್ತೆ ದಯವಿಟ್ಟು ಸ್ಕ್ರೀನ್ ತೆರೆದಾಗ ಲಾಕ್ ಮಾಡಿ ಸೇವ್ ಒತ್ತಿದಾಗ ಬಿಡೋ ಹಾಗೆ ಮಾತ್ರ ಮಾಡಬೇಡಿ. ಕೌಂಟರಲ್ಲಿರೋರು ತೂಕ ನೋಡೋಕೆ ಎದ್ದು ಹೋದ್ರೆ ಉಳಿದ ಕೌಂಟರೆಲ್ಲ ನಿಂತು ಹೋಗತ್ತೆ, ಇನೋಡಿಬಿ 50 ಸೆಕೆಂಡ್ ಕಾದು ಎರರ್ ಕೊಡತ್ತೆ, ಪೋಸ್ಟ್‌ಗ್ರೆಸ್‌ನಲ್ಲಿ ಲಾಕ್ ಟೈಮ್‌ಔಟ್ ನೀವು ಇಡದಿದ್ರೆ ಸುಮ್ನೆ ಕಾಯ್ತಾನೇ ಇರತ್ತೆ.

ಪರೀಕ್ಷೆಗೆ ಎರಡು ಟರ್ಮಿನಲ್ ತೆಗೆದು ಎರಡರಲ್ಲೂ ಬಿಗಿನ್ ಕೊಟ್ಟು ಟ್ರಾನ್ಸಾಕ್ಷನ್ ಶುರು ಮಾಡಿ, 40 ಚೀಲದ ಲಾಟಿಂದ ಒಂದರಲ್ಲಿ 5 ಕಳೆಯೋ ಅಪ್‌ಡೇಟ್ ಮಾಡಿ ಕಮಿಟ್ ಮಾಡದೇ ಬಿಡಿ, ಇನ್ನೊಂದರಲ್ಲಿ ಅದೇ ಲಾಟಿಂದ 8 ಕಳೆಯೋ ಅಪ್‌ಡೇಟ್ ಮಾಡಿ. ಅದು ಕಾಯ್ತಿರುವಾಗ ಮೊದಲನೇದನ್ನ ಕಮಿಟ್ ಮಾಡಿ, ಆಮೇಲೆ ಎರಡನೇದನ್ನೂ ಮಾಡಿ. 27 ಬರ್ಲಿಲ್ಲ ಅಂದ್ರೆ ಕ್ವೆರಿ ಇಲ್ಲಿ ಹಾಕಿ, ನೋಡ್ತೀನಿ.