ಕೊಡಗಿನಲ್ಲಿ ನಾನು ಓದಿದ ಕ್ಯಾಥೋಲಿಕ್ ಹೈಸ್ಕೂಲ್ ಮುಚ್ಚುತ್ತಿದ್ದಾರೆ. ಹಳೆ ವಿದ್ಯಾರ್ಥಿಗಳು ಏನು ಮಾಡಬಹುದು?

ಸುದ್ದಿ ಓದಿ ತುಂಬಾ ಬೇಸರವಾಯಿತು. ನಾನು ಓದಿದ ಶಾಲೆಯೂ ಹೀಗೇ ಮುಚ್ಚಿತು. ಕಾಫಿ ತೋಟಗಳ ನಡುವೆ ಸಿಸ್ಟರ್‌ಗಳು ನಡೆಸುತ್ತಿದ್ದ ಕನ್ನಡ ಮಾಧ್ಯಮದ ಅನುದಾನಿತ ಹೈಸ್ಕೂಲ್ ಅದು. ಹಾಗಾಗಿ ನೋಡಿ, ಅನುಭವಿಸಿ ತಿಳಿದದ್ದನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಶಾಲೆಯ ದಾಖಲಾತಿ ರಿಜಿಸ್ಟರ್ ಎಲ್ಲಿದೆ, ಮುಂದೆ ಯಾರ ಕೈಗೆ ಹೋಗುತ್ತದೆ ಎಂದು ಕೇಳಿ. ಕಟ್ಟಡ, ಗಂಟೆ, ಆಟದ ಮೈದಾನ ಎಲ್ಲ ಆಮೇಲೆ.

ನಮ್ಮ ಶಾಲೆಯ ಹಳೆ ರಿಜಿಸ್ಟರ್ ಕೆಂಪು ಬಟ್ಟೆ ಹಚ್ಚಿದ ರಟ್ಟಿನದು. ಬಿಚ್ಚಿದರೆ ಇಡೀ ಮೇಜು ತುಂಬುವಷ್ಟು ಅಗಲ. ಪೋಷಕರ ಸಹಿಯ ಕಾಲಂನಲ್ಲಿ ಸಹಿಗಿಂತ ಹೆಬ್ಬೆಟ್ಟೇ ಜಾಸ್ತಿ. ವಿಳಾಸದ ಜಾಗದಲ್ಲಿ ತೋಟದ ಹೆಸರು, ಪಕ್ಕದಲ್ಲಿ 'ಲೈನ್ ಮನೆ', ಅಂದರೆ ತೋಟದ ಕೂಲಿಕಾರರ ಸಾಲುಮನೆ. ಹುಟ್ಟಿದ ತಾರೀಕನ್ನು ಅಂಕಿಯಲ್ಲೂ ಅಕ್ಷರದಲ್ಲೂ ಗುಂಡಗೆ ಬರೆದಿದ್ದಾರೆ. ಲೈನ್ ಮನೆಯಲ್ಲಿ, ಬುಡಕಟ್ಟು ಜನರ ಹಾಡಿಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಜನನ ಪ್ರಮಾಣ ಪತ್ರವೇ ಇಲ್ಲ. ಇಂಥ ದಿನ ಹುಟ್ಟಿದರು ಅನ್ನುವುದಕ್ಕೆ ಆ ಒಂದು ಸಾಲೇ ಸಾಕ್ಷಿ.

ನನ್ನ ಜೊತೆ ಓದಿದ ಒಬ್ಬಾಕೆ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಹೋದಳು. ಎಸ್ಎಸ್ಎಲ್‌ಸಿ ಅಂಕಪಟ್ಟಿ ಇಲ್ಲ. ಇದ್ದ ಟಿ.ಸಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಜೊತೆ ಮಣ್ಣುಪಾಲಾಯಿತು. ಪಿ.ಎಫ್. ಹಣ ತೆಗೆಯಲು ಹೋದರೆ ಹುಟ್ಟಿದ ದಿನಾಂಕ ತಾಳೆಯಾಗುತ್ತಿಲ್ಲ, ಶಾಲೆ ದಾಖಲೆ ತನ್ನಿ ಎಂದರು. ಶಾಲೆಗೆ ಬೀಗ. ಕೊನೆಗೆ ರಿಜಿಸ್ಟರ್ ಸಿಕ್ಕಿತು, ಕೆಲಸವೂ ಆಯಿತು. ಆದರೆ ಅದಕ್ಕೆ ಅವಳು ಬಿಟ್ಟ ಕೂಲಿ, ಅಲೆದ ಅಲೆದಾಟ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಓದಿ ಮುಂದೆ ಹೋದವರಿಗೂ ಆ ರಿಜಿಸ್ಟರ್ ಬೇಕು. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ, ಸಿಇಟಿಗೆ ಕೊಡುವ ವ್ಯಾಸಂಗ ಪ್ರಮಾಣ ಪತ್ರ, ಇವಕ್ಕೆಲ್ಲ ಹೆಡ್‌ಮಾಸ್ಟರ್ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಕೇಳುತ್ತಾರೆ. ಶಾಲೆಯೇ ಇಲ್ಲದಾಗ ಸಹಿ ಯಾರದ್ದು? ದಾಖಲೆಗಳು ಬಿಇಒ ಕಚೇರಿಗೆ ಹೋಗುತ್ತವೋ, ಅದೇ ಸಂಸ್ಥೆಯ ಇನ್ನೊಂದು ಶಾಲೆಗೋ ಎನ್ನುವುದನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತು ಸಾಲದು. ಕೊಡಗಿನ ಮಳೆಗೆ ಕಾಗದ ಎಷ್ಟು ಬೇಗ ಬೂಸ್ಟು ಹಿಡಿಯುತ್ತದೆ ಅಂತ ನಿಮಗೇ ಗೊತ್ತು. ಒಪ್ಪಿಗೆ ಕೊಟ್ಟರೆ ನಾಲ್ಕು ಜನ ಕೂತು ಪುಟಪುಟ ಸ್ಕ್ಯಾನ್ ಮಾಡಿ ಆಡಳಿತ ಮಂಡಳಿಗೂ ಬಿಇಒಗೂ ಒಂದೊಂದು ಪ್ರತಿ ಕೊಡಿ. ಅದರಲ್ಲಿ ಜಾತಿ, ವಿಳಾಸ ಎಲ್ಲ ಇರುತ್ತದೆ. ದಯವಿಟ್ಟು ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಇನ್ನು, ಮುಚ್ಚುವುದನ್ನು ನಿಲ್ಲಿಸಬಹುದಾ? ಇದಕ್ಕೆ ಉತ್ತರ ಶಾಲೆಯ ಎರಡು ಹಾಳೆಯಲ್ಲಿದೆ: ಈ ವರ್ಷ ಎಂಟನೇ ಕ್ಲಾಸಿಗೆ ಸೇರಿದವರ ಪಟ್ಟಿ ಮತ್ತು ಶಿಕ್ಷಕರ ಪಟ್ಟಿ. ಕೊಡಗಿನ ಜನಸಂಖ್ಯೆ 2001ರಲ್ಲಿ 5,48,561 ಇತ್ತು, 2011ರಲ್ಲಿ 5,54,519. ಹತ್ತು ವರ್ಷಕ್ಕೆ ಆರು ಸಾವಿರವೂ ಏರಲಿಲ್ಲ. ಮಕ್ಕಳೇ ಕಡಿಮೆ. ಇರುವ ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸು ಮನೆ ಬಾಗಿಲಿಗೇ ಬಂದು ಕರೆದೊಯ್ಯುತ್ತದೆ. ಅನುದಾನಿತ ಶಾಲೆಯಲ್ಲಿ ಶಿಕ್ಷಕರು ನಿವೃತ್ತರಾದರೆ ಸರ್ಕಾರದ ಅನುಮತಿ ಇಲ್ಲದೆ ಆ ಹುದ್ದೆ ತುಂಬುವಂತಿಲ್ಲ. ಅನುಮತಿ ಬರುವ ತನಕ ಕೈಯಿಂದ ಸಂಬಳ ಕೊಟ್ಟು ಅತಿಥಿ ಶಿಕ್ಷಕರನ್ನು ಇಟ್ಟುಕೊಳ್ಳಬೇಕು. ನಮ್ಮಲ್ಲಿ ಗಣಿತದ ಮೇಷ್ಟ್ರು ಹೋದರು, ಆಮೇಲೆ ವಿಜ್ಞಾನದ ಮಿಸ್, ಆಮೇಲೆ ಪಿ.ಟಿ. ಮೇಷ್ಟ್ರು. ಮೊದಲೆಲ್ಲ ಸಿಸ್ಟರ್‌ಗಳೇ ನಿಂತು ಪಾಠ ಮಾಡುತ್ತಿದ್ದರು. ಈಗ ಮಠಕ್ಕೆ ಸೇರುವ ಹುಡುಗಿಯರೇ ಕಡಿಮೆಯಾಗಿದ್ದಾರೆ. ಹಾಗಾಗಿ 'ಫಾದರ್‌ಗಳು ಜಾಗ ಮಾರಲು ಮುಚ್ಚುತ್ತಿದ್ದಾರೆ' ಎಂದು ಊರಲ್ಲಿ ಹೇಳುವ ಮಾತನ್ನು ಲೆಕ್ಕ ನೋಡದೆ ನಂಬಬೇಡಿ.

ಎಂಟನೇ ಕ್ಲಾಸಿಗೆ ಇನ್ನೂ ಮಕ್ಕಳು ಬರುತ್ತಿದ್ದರೆ ಮಾತ್ರ ಹೋರಾಡಿ, ಅದೂ ಈಗಲೇ. ಆಡಳಿತ ಮಂಡಳಿ ಜೊತೆ ಕೂತು ಖಾಲಿ ಹುದ್ದೆಗಳ ಕಡತ ಎಲ್ಲಿ ನಿಂತಿದೆ ಕೇಳಿ. ಬಿಇಒ ಮತ್ತು ಮಡಿಕೇರಿಯಲ್ಲಿರುವ ಶಿಕ್ಷಣ ಇಲಾಖೆ ಉಪನಿರ್ದೇಶಕರ ಕಚೇರಿಗೆ ಪೋಷಕರೇ ಹೋಗಲಿ. ಹಳೆ ವಿದ್ಯಾರ್ಥಿಗಳ ಮನವಿಗಿಂತ ಪೋಷಕರ ಮಾತಿಗೆ ತೂಕ ಜಾಸ್ತಿ. ನೀವು ದುಡ್ಡು ಹಾಕುವುದಿದ್ದರೆ ಬಣ್ಣ, ಕಮಾನು, ಬೆಳ್ಳಿಹಬ್ಬದ ಸ್ಮಾರಕ ಏನೂ ಬೇಡ. ಒಬ್ಬ ಗಣಿತ ಶಿಕ್ಷಕರ ಸಂಬಳ, ಇಲ್ಲ ಒಂದು ವ್ಯಾನಿನ ಡೀಸೆಲ್ ಖರ್ಚು ವಹಿಸಿಕೊಳ್ಳಿ.

ಮುಚ್ಚುವುದು ಖಚಿತವಾದರೆ ಈಗ ಒಂಬತ್ತರಲ್ಲಿ ಇರುವ ಮಕ್ಕಳ ಬಗ್ಗೆ ಯೋಚಿಸಿ. ಎಸ್ಎಸ್ಎಲ್‌ಸಿ ನೋಂದಣಿ ಶಾಲೆಯ ಮೂಲಕವೇ ಆಗುತ್ತದೆ. ಆದ್ದರಿಂದ ಜೂನ್ ಒಳಗೆ ಟಿ.ಸಿ. ಸಿಕ್ಕಿ, ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಹೆಸರು ಹೊಸ ಶಾಲೆಗೆ ಹೋಗಿರಬೇಕು. ಕಾರಿರುವ ಮನೆಯ ಮಗು ಎಲ್ಲಾದರೂ ಸೇರಿಕೊಳ್ಳುತ್ತದೆ. ಹಾಡಿಗಳ ಯರವ, ಕುರುಬ ಬುಡಕಟ್ಟಿನ ಮಕ್ಕಳು, ಲೈನ್ ಮನೆಯ ಹೆಣ್ಣುಮಕ್ಕಳು ಮಳೆಯಲ್ಲಿ ಆನೆ ಓಡಾಡುವ ದಾರಿಯಲ್ಲಿ ಇನ್ನೂ ಐದಾರು ಕಿಲೋಮೀಟರ್ ನಡೆಯಬೇಕು ಅಂದರೆ ಶಾಲೆಯನ್ನೇ ಬಿಡುತ್ತಾರೆ. ನಮ್ಮಲ್ಲಿ ಹಾಗೇ ಆಯಿತು. ಪಟ್ಟಿ ಇಟ್ಟುಕೊಂಡು ಒಬ್ಬೊಬ್ಬರ ಮನೆಗೆ ಹೋಗಿ ಯಾವ ಶಾಲೆ, ಯಾವ ಬಸ್ಸು, ಹಾಸ್ಟೆಲ್ ಬೇಕಾ ಎಂದು ಕೇಳುವವರು ಬೇಕು.

ನನಗೆ ನಿಜವಾಗಿ ನೋವಾಗುವುದೂ ಇದೇ. ಕೊಡಗಿಗೆ ಕ್ಯಾಥೋಲಿಕರು ಬಂದು ನೆಲೆಸಿದ ಕಥೆ ಹಳೆಯದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಜಾಗ ಕೊಟ್ಟ, ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು 1792ರಲ್ಲಿ. ಹಾಗೆ ಆಸರೆ ಪಡೆದವರ ಶಾಲೆಗಳು ಮುಂದೆ ಎಲ್ಲರಿಗೂ ಆಸರೆಯಾದವು. ನಮ್ಮ ಬೆಂಚಿನಲ್ಲಿ ಒಬ್ಬ ಕೊಡವರ ಹುಡುಗ, ಒಬ್ಬ ಮಾಪಿಳ್ಳೆ ಮುಸ್ಲಿಂ, ಯರವರಲ್ಲೇ ಒಂದು ಪಂಗಡವಾದ ಪಣಿಯರವರ ಒಬ್ಬ, ತೋಟದ ರೈಟರ (ಗುಮಾಸ್ತರ) ಮಗನಾದ ನಾನು. ಕೊಡವರ ಸುಗ್ಗಿ ಹಬ್ಬ ಪುತ್ತರಿಗೆ, ಕ್ರಿಸ್‌ಮಸ್‌ಗೆ, ರಂಜಾನಿಗೆ ತಿಂಡಿ ಡಬ್ಬಿ ಒಂದೇ ಬೆಂಚಿನ ಮೇಲೆ ಬರುತ್ತಿತ್ತು. ತೋಟದ ಮಾಲೀಕರ ಮಗನೂ ಆ ತೋಟದಲ್ಲಿ ಕಾಫಿ ಕೊಯ್ಯುವವರ ಮಗನೂ ಒಂದೇ ಹಾಕಿ ತಂಡದಲ್ಲಿದ್ದರು. ಈಗ ಒಬ್ಬರ ಮಕ್ಕಳು ಮೈಸೂರು, ಮಂಗಳೂರಿನ ಶಾಲೆಯಲ್ಲಿ, ಇನ್ನೊಬ್ಬರ ಮಕ್ಕಳು ಸರ್ಕಾರದ ಆಶ್ರಮ ಶಾಲೆಯಲ್ಲಿ. ಪರಸ್ಪರ ಹೆಸರೂ ಗೊತ್ತಿಲ್ಲ.

ಜಾಗದ ವಿಷಯ ಕೊನೆಗೆ. ಅದು ಯಾರಾದರೂ ದಾನ ಕೊಟ್ಟ ಜಾಗವಾದರೆ ದಾನಪತ್ರ ನೋಡಿ. ಶಿಕ್ಷಣಕ್ಕೆ ಮಾತ್ರ ಎಂಬ ಷರತ್ತು ಇದ್ದರೆ ಒಬ್ಬ ವಕೀಲರಿಗೆ ತೋರಿಸಿ.

ನಿಮ್ಮ ಶಾಲೆ ಯಾವ ತಾಲ್ಲೂಕಿನದು, ಅನುದಾನ ಇದೆಯಾ, ಎಂಟರಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಕೆಳಗೆ ಬರೆಯಿರಿ. ನಮ್ಮ ಶಾಲೆಗಾಗಿ ಬರೆದ ಅರ್ಜಿಗಳ ನಕಲು ಇನ್ನೂ ನನ್ನ ಹತ್ತಿರ ಇದೆ, ಕಳಿಸಿಕೊಡುತ್ತೇನೆ.